ರೆಪ್ಪೆ ಬಡಿಯುವಷ್ಟು ತಡ

ನನಗೆ ಆಗ ಅರವತ್ತೇಳು. ಅದಾಗಿ ನಾಲ್ಕು ವರ್ಷವಾಯಿತು. ಆ ವರ್ಷ ನಮ್ಮ ಇಂಗಳೇಶ್ವರದಲ್ಲಿ ಒಂಬತ್ತು ಹೆಂಗಸರ ಬೆರಳು ಬಾತಿದ್ದವು. ರೋಗವಲ್ಲ, ಚೇಳಲ್ಲ. ಒಂಬತ್ತೂ ಒಬ್ಬಳದೇ ಕೆಲಸ. ಅವಳು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ. ಜಗಳಗಂಟಿ ಎಂದುಕೊಂಡಿರಾ? ಇರುವೆ ಸಾಲು ಕಂಡರೆ ಸುತ್ತುಹಾಕಿ ಹೋಗುವ ಹೆಣ್ಣು ಅದು. ಅವಳಿಗೆ ಇದ್ದದ್ದು ಕೋಲಾಟದ ಹುಚ್ಚು. ಇಲ್ಲದ್ದು ತಾಳ.

ತಾಳ ಒಂದೇ ಅಲ್ಲ. ಅವಳ ಮೈಗೂ ಅವಳಿಗೂ ಹುಟ್ಟಿನಿಂದ ಹೊಂದಾಣಿಕೆ ಇಲ್ಲ. ಬಾಗಿಲು ಎಷ್ಟೇ ಅಗಲವಿರಲಿ, ಚೌಕಟ್ಟಿಗೆ ಭುಜ ಬಡಿಸಿಕೊಂಡೇ ಒಳಗೆ ಬರುತ್ತಾಳೆ. ಕೊಡ ಹೊತ್ತು ತಂದರೆ ಅರ್ಧ ನೀರು ಓಣಿಗೆ, ಅರ್ಧ ಮನೆಗೆ. ಅವಳು ಬಡಿದ ರೊಟ್ಟಿಯನ್ನು ಯಾವ ಮೂಲೆಯಿಂದ ಮುರಿಯಬೇಕು ಎಂದು ಉಣ್ಣುವವರು ಕುಳಿತು ವಿಚಾರ ಮಾಡಬೇಕು. ಇಂಥವಳು ಹಾಡಬಹುದಿತ್ತು. ಕೌದಿ ಹೊಲಿಯಬಹುದಿತ್ತು. ಕಟ್ಟೆಗೆ ಕುಳಿತು ಮಂದಿಯ ಸುದ್ದಿ ಮಾತಾಡಬಹುದಿತ್ತು, ಅದಕ್ಕೇನು ತಾಳ ಬೇಕಿಲ್ಲ. ಬಾರದ್ದನ್ನೇ ಯಾಕೆ ಹಚ್ಚಿಕೊಂಡಳು? ಇದು ನನಗೆ ತಿಳಿಯಲಿಲ್ಲ. ತಿಳಿಯದ್ದನ್ನು ಬಿಡುವವಳು ನಾನಲ್ಲ.

ಒಂದು ದಿನ ಕೇಳಿಯೇಬಿಟ್ಟೆ. ಇಬ್ಬರೂ ಹಿತ್ತಲಿನಲ್ಲಿ ತೊಗರಿ ಕೇರುತ್ತಿದ್ದೆವು.

"ಏ, ನಿನಗ ಬರೂದಿಲ್ಲಂತ ನಿನಗ ಗೊತ್ತೈತಿಲ್ಲೋ?"

"ಗೊತ್ತೈತಿ ಯಕ್ಕಾ."

"ಮತ್ತ?"

ಅವಳು ಮೊರ ಕೆಳಗಿಟ್ಟಳು. ಇಟ್ಟದ್ದು ನೆಲಕ್ಕಲ್ಲ, ನನ್ನ ಕಾಲಿನ ಮೇಲೆ. "ಒಳಗ ನಾ ಬರೋಬ್ಬರಿ ಕುಣೀತೇನಿ ಯಕ್ಕಾ. ಒಂದೂ ಹೆಜ್ಜಿ ತಪ್ಪೂದಿಲ್ಲ. ಹೊರಗ ಬರೂದ್ರಾಗ ಅದಕ್ಕ ಏನಾಗತೈತೋ ಯಾರಿಗೆ ಗೊತ್ತು."

ಅವಳ ತವರು ಸಿಂದಗಿ. ಅಲ್ಲಿ ಗೌರಿ ಹುಣ್ಣಿಮೆಗೆ ಹುಡುಗಿಯರೆಲ್ಲ ಕೋಲು ಹಿಡಿಯುತ್ತಿದ್ದರಂತೆ. ಇವಳು ವರ್ತುಲದಲ್ಲಿ ನಿಂತ ಐದನೆಯ ಏಟಿಗೆ ಯಾರೋ ಒಬ್ಬಳು ಅಳುತ್ತ ಕೂರುತ್ತಿದ್ದಳು. ಇವಳ ತಾಯಿ ಬಂದು ರಟ್ಟೆ ಹಿಡಿದು ಎಳೆದು, ಉಳಿದವರ ಚಪ್ಪಲಿ ಕಾಯಲು ಕೂರಿಸುತ್ತಿದ್ದಳು. "ಒಂದ ಪದ, ಯಕ್ಕಾ. ಒಂದ ಪದ ಮುಗಿಯೂತನಕ ನಾ ಒಳಗ ನಿಂತಿಲ್ಲ. ಯಾವಾಗ ಪದ ಮುಗೀತೈತಿ, ಆವಾಗ ನಾ ಚಪ್ಪಲಿ ಹಂತ್ಯಾಕ ಇರ್ತೇನಿ." ಹೀಗೆ ಹೇಳಿ ನಕ್ಕಳು. ಐವತ್ತೈದು ವರ್ಷದ ಹೆಂಗಸು, ಮೊಮ್ಮಕ್ಕಳಿದ್ದಾರೆ.

ಊರಿನ ಅಂಗನವಾಡಿ ಅಕ್ಕೋರು ಹೆಂಗಸರ ಕೋಲಾಟದ ಮೇಳ ಕಟ್ಟಿದಾಗ ಮೊದಲು ಹೋಗಿ ನಿಂತವಳು ಇವಳೇ. ಹದಿನಾರು ಮಂದಿ, ಎಂಟು ಜೋಡಿ. ಒಂದೊಂದು ಏಟಿಗೆ ಜೋಡಿ ಬದಲಾಗುವ ಕುಣಿತ. ಅದರಿಂದ ಒಂದು ಅನುಕೂಲವಾಯಿತು, ಯಾರಿಗೂ ಅನ್ಯಾಯವಾಗಲಿಲ್ಲ. ಎಲ್ಲರ ಬೆರಳಿಗೂ ಸರತಿಯಂತೆ ಬಂದು ಬಿತ್ತು, ಬಾತದ್ದು ಮಾತ್ರ ಒಂಬತ್ತು ಮಂದಿಯದು.

ಎಡ ಬಲ ಮರೆಯುತ್ತಾಳೆ ಎಂದು ಅಕ್ಕೋರು ಅವಳ ಬಲಗಾಲಿಗೆ ಕರಿದಾರ ಕಟ್ಟಿದರು. ಇವಳು ದಾರ ನೋಡುತ್ತ ಕುಣಿದಳು. ಹೆಜ್ಜೆ ತಕ್ಕಮಟ್ಟಿಗೆ ಸರಿಹೋಯಿತು. ಆದರೆ ಬಗ್ಗಿದ ತಲೆ ನೇರ ಅಕ್ಕೋರ ಹಣೆಗೆ ಹೋಗಿ ಬಡಿಯಿತು. ಅಕ್ಕೋರು ಎರಡು ದಿನ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಗಂಟು ಇಟ್ಟುಕೊಂಡು ಮಕ್ಕಳಿಗೆ ಉಪ್ಪಿಟ್ಟು ಬಡಿಸಿದರು. ದಾರ ಬಿಚ್ಚಿದ್ದಾಯಿತು.

ಮುದ್ದೇಬಿಹಾಳದ ಬೀಗರ ಮನೆಗೆ ಹೋದಾಗ ತಂಗಡಗಿಗೆ ಹೊಳೆ ಸ್ನಾನಕ್ಕೆ ಹೋಗಿದ್ದೆವು. ನಾನು ಮುಳುಗಿ ಎದ್ದು ಸೀರೆ ಹಿಂಡುವಷ್ಟರಲ್ಲಿ ಇವಳಿಲ್ಲ. ನೋಡಿದರೆ ದೂರದಲ್ಲಿ ಹಸಿ ಉಸುಕಿನ ಮೇಲೆ ಒಬ್ಬಳೇ ಕುಣಿಯುತ್ತಿದ್ದಾಳೆ. ಕೋಲಿಲ್ಲ, ಎರಡು ಕಡ್ಡಿ ಹಿಡಿದಿದ್ದಾಳೆ. ಹತ್ತಿರ ಹೋಗಿ ಉಸುಕಿನಲ್ಲಿ ಮೂಡಿದ ಹೆಜ್ಜೆ ನೋಡಿದೆ. ಮೂರು ಮಂದಿ ಜಗಳಾಡಿ, ಒಬ್ಬ ಓಡಿಹೋದಂತೆ ಇತ್ತು. ಅವಳೂ ಬಗ್ಗಿ ನೋಡಿದಳು. "ಇಷ್ಟ್ಯಾಕ ಕಾಲು ನನಗ?" ಅಂದಳು.

ಇದು ರೋಗವಿರಬಹುದು ಎಂದು ನನಗೆ ಅನುಮಾನ ಬಂತು. ಸಿಂದಗಿಯಲ್ಲಿ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಅವಳಿಗೆ ಗೆರೆಯ ಮೇಲೆ ನಡೆಯಲು ಹೇಳಿದರು, ಕಣ್ಣು ಮುಚ್ಚಿ ಮೂಗು ಮುಟ್ಟಲು ಹೇಳಿದರು. ಇವಳು ಕಿವಿ ಮುಟ್ಟಿದಳು.

"ರೋಗ ಅಲ್ಲವ್ವಾ ಇದು," ಅಂದರು ಡಾಕ್ಟರು. "ಕೆಲವರಿಗೆ ಹುಟ್ಟಿದಾಗಿಂದ ಹಿಂಗ ಇರ್ತೈತಿ. ಕಿವಿ ಕೇಳಿದ್ದು ಕೈಕಾಲಿಗೆ ಮುಟ್ಟೂದು ತಡಾ ಆಗತೈತಿ."

"ತಡಾ ಆಗವಲ್ದ್ಯಾಕ ಸಾಹೇಬ್ರ. ಮುಟ್ಟತೈತಿ ಹೌದಿಲ್ರಿ?" ಅಂದಳು ಇವಳು.

"ಮುಟ್ಟತೈತಿ."

"ಹಂಗಾರ ಸಾಕ್ರಿ. ನಮ್ಮೂರ ಬಸ್ಸೂ ತಡಾನ ಬರ್ತೈತಿ, ನಾವೇನು ಹತ್ತೂದು ಬಿಟ್ಟೇವೇನು?"

ಬಸ್ ಸ್ಟ್ಯಾಂಡಿಗೆ ಬರುವತನಕ ಅವಳ ನಗು ನಿಲ್ಲಲಿಲ್ಲ. ನನಗೆ ಮಾತ್ರ ಡಾಕ್ಟರ ಮಾತು ತಲೆಯಲ್ಲಿ ಕುಳಿತಿತ್ತು. ತಡ, ಸರಿ. ಆದರೆ ಎಷ್ಟು ತಡ?

ಮರುದಿನದಿಂದ ನಾನು ಮೇಳ ಕಲಿಯುವ ಜಾಗಕ್ಕೆ ಹೋಗಿ ಕಟ್ಟೆಯ ಮೇಲೆ ಕೂರತೊಡಗಿದೆ. ಬರೀ ನೋಡುವುದು. ಹದಿನೈದು ಮಂದಿಯ ಕೋಲು ಟಕ್ ಅಂದ ಮೇಲೆ ಇವಳದು ಟಕ್. ಮತ್ತೆ ಹದಿನೈದು, ಮತ್ತೆ ಇವಳದು. ನಾನು ಕಣ್ಣು ಬಡಿದು ಅಳೆದೆ. ಒಮ್ಮೆ ರೆಪ್ಪೆ ಬಡಿಯುವಷ್ಟು ತಡ. ಹೆಚ್ಚಿಲ್ಲ, ಕಡಿಮೆಯಿಲ್ಲ. ನಾಲ್ಕು ದಿನ ನೋಡಿದೆ, ಅಷ್ಟೇ. ಅವಳು ತಾಳ ತಪ್ಪುತ್ತಿರಲಿಲ್ಲ. ಅವಳ ತಾಳ ಹಿಂದೆ ಬರುವ ಬಸ್ಸಿಗೆ ಬರುತ್ತಿತ್ತು.

ಅಷ್ಟರಲ್ಲಿ ಬಾಗೇವಾಡಿಯಲ್ಲಿ ಮಹಿಳೆಯರ ಮೇಳಗಳ ಕಾರ್ಯಕ್ರಮ ಗೊತ್ತಾಯಿತು. ಅಕ್ಕೋರು ಇನ್ನು ಜೋಡಿ ಬದಲಿಸುವುದು ಬೇಡ, ಒಬ್ಬರಿಗೊಬ್ಬರೇ ಇರಲಿ ಎಂದರು. ಆಮೇಲೆ ನೆಗೆಣ್ಣಿಯ ಕಡೆ ತಿರುಗಿ, "ನಿಮ್ಮ ಜೋಡಿ ಯಾರು ನಿಂದರ್ತಾರ ಅಂತ ಕೇಳ್ರಿ. ಯಾರೂ ಒಪ್ಪಲಿಲ್ಲಂದ್ರ ಈ ಸಲ ನೀವು ಸಾಮಾನ ನೋಡಿಕೊಂಡು ಕುಂದರ್ರಿ," ಅಂದರು. ಹದಿನಾಲ್ಕು ಹೆಂಗಸರು ತಮ್ಮ ತಮ್ಮ ಬೆರಳು ಸೆರಗಿನೊಳಗೆ ಎಳೆದುಕೊಂಡರು. ಆಗ ಅವಳ ಎದುರಿಗೆ ನಿಂತಿದ್ದವಳಂತೂ ಅವತ್ತೇ ಮೇಳ ಬಿಟ್ಟಳು.

ನೆಗೆಣ್ಣಿ ಹೋಗಿ, ಹೊರಗೆ ಚೆಲ್ಲಾಪಿಲ್ಲಿ ಬಿದ್ದಿದ್ದ ಎಲ್ಲರ ಚಪ್ಪಲಿ ಜೋಡಿ ಹಚ್ಚಿ ಇಡತೊಡಗಿದಳು. ಅದರಲ್ಲೂ ಎಡದ್ದು ಬಲಕ್ಕೆ ಇಟ್ಟಿದ್ದಳು.

"ನಾ ನಿಂದರ್ತೇನಿ," ಅಂದೆ.

"ಆಯಿ, ನಿಮಗ ಕೋಲಾಟ ಬರ್ತೈತೇನ್ರಿ?" ಅಂದರು ಅಕ್ಕೋರು.

"ನಾಯಿ ಹೊಡಿಯಾಕ ಕೋಲು ಹಿಡದೇನಿ. ಇದೇನು ಅದಕಿಂತ ದೊಡ್ಡದಲ್ಲ."

ನನಗೆ ಕನಿಕರ ಬಂತೆಂದು ತಿಳಿಯಬೇಡಿ. ನಾನು ಅಳೆದದ್ದು ಸರಿಯೋ ತಪ್ಪೋ ನೋಡಬೇಕಿತ್ತು. ನನ್ನ ಉಪಾಯ ಇಷ್ಟೇ. ಎಲ್ಲರೂ ಟಕ್ ಅಂದಾಗ ನಾನು ಒಮ್ಮೆ ಕಣ್ಣು ಬಡಿಯುವುದು, ಆಮೇಲೆ ಕೋಲು ಮುಂದೆ ಒಯ್ಯುವುದು. ಅವಳ ಕೋಲು ಅಲ್ಲಿಗೆ ಬಂದಿರುತ್ತಿತ್ತು. ಹದಿನೈದು ದಿನ ಕಲಿತೆವು, ನನ್ನ ಬೆರಳಿಗೆ ಒಂದೂ ಏಟಿಲ್ಲ. ಅವಳು ನನ್ನನ್ನು ದೇವರನ್ನು ನೋಡುವಂತೆ ನೋಡತೊಡಗಿದಳು. ನನಗೆ ಸರಿಬರಲಿಲ್ಲ. "ನನ್ನ ಮಾರಿ ಏನು ನೋಡ್ತಿ, ಕೋಲು ನೋಡು," ಅಂದೆ.

ಬಾಗೇವಾಡಿಯಲ್ಲಿ ನಮಗಿಂತ ಮುಂಚೆ ಇಂಡಿ ಊರಿನ ಮೇಳ ಕುಣಿಯಿತು. ಹದಿನಾರು ಮಂದಿ, ಕೇಳಿದರೆ ಒಬ್ಬಳೇ ಹೊಡೆದಂತೆ. ಆಮೇಲೆ ನಾವು. ಪದ ಸುರುವಾಯಿತು. ಟಕ್, ಅದರ ಹಿಂದೆ ನಮ್ಮಿಬ್ಬರ ಟಕ್. ಮುಂದಿನ ಸಾಲಿನಲ್ಲಿ ತಲೆಗೆ ಪಟಗಾ ಸುತ್ತಿದ ಮುದುಕನೊಬ್ಬ ಪಕ್ಕದವನಿಗೆ ಹೇಳುವುದು ನನ್ನ ಕಿವಿಗೇ ಬಿತ್ತು. "ಇವರದು ಭಾರಿ ಐತಿ ನೋಡೋ. ಒಂದು ಜೋಡಿ ಬೇಕಂತನ ಮಾರುತ್ತರ ಕೊಡಾಕ ಇಟ್ಟಾರ."

ಪದದ ಮೂರು ನುಡಿ ದಾಟಿತು. ಕೊನೆಯ ನುಡಿ ಹಿಡಿದರು. ಎಲ್ಲರೂ ಟಕ್ ಅಂದರು, ನಾನು ಕಣ್ಣು ಬಡಿದೆ, ಅಷ್ಟರಲ್ಲಿ ನನ್ನ ಬಲಗೈಯ ನಡುಬೆರಳಿನ ಮೇಲೆ ಆಕಾಶ ಬಿತ್ತು. ಐವತ್ತೈದು ವರ್ಷ ತಡ ಮಾಡಿದ ಹೆಣ್ಣು, ಆ ಒಂದೇ ಒಂದು ಏಟು ಎಲ್ಲರ ಜೊತೆಗೆ ವೇಳೆಗೆ ಸರಿಯಾಗಿ ಹೊಡೆದಿದ್ದಳು! ನಾನು ಅವಳ ಕೋಲು ಇನ್ನೂ ಬರುವುದಿದೆ ಎಂದು ಬರೀ ಬೆರಳು ಒಡ್ಡಿಕೊಂಡು ನಿಂತಿದ್ದೆ.

ಉಗುರಿನ ಬುಡದಿಂದ ರಕ್ತ ಬಂತು. ಅದನ್ನು ನೋಡಿ ಅವಳ ಎರಡೂ ಕೋಲು ಗಾಳಿಯಲ್ಲೇ ನಿಂತವು. ಒಂದು ಕಾಲು ಆಗಲೇ ಹಿಂದೆ ಸರಿದಿತ್ತು. ಅದು ಚಪ್ಪಲಿಯ ಕಡೆ ಹೋಗುವ ಕಾಲು. ನೋಡಿದೊಡನೆ ತಿಳಿಯಿತು ನನಗೆ.

"ಯಕ್ಕಾ, ರಕ್ತ..."

"ರಕ್ತ ನಂದು, ಪದ ನಿಂದು. ಹೊಡಿ."

"ಯಕ್ಕಾ..."

"ಹೊಡಿ ಅಂದೆ."

ಹೊಡೆದಳು. ಮತ್ತೆ ಎಂದಿನಂತೆ ತಡವಾಗಿ. ನಾನೂ ಕಾಯ್ದು ಕಾಯ್ದು ಕೋಲು ಕೊಟ್ಟೆ. ಪದ ಮುಗಿಯಿತು. ಅವಳು ವರ್ತುಲದ ಒಳಗೇ ಇದ್ದಳು. ಎಲ್ಲರೂ ಕೆಳಗಿಳಿದರೂ ಇಳಿಯದೆ, ಕೋಲೆರಡನ್ನೂ ಎದೆಗೆ ಒತ್ತಿಕೊಂಡು ಅಲ್ಲೇ ನಿಂತಿದ್ದಳು. ಅಕ್ಕೋರು ಹೋಗಿ ಕೈ ಹಿಡಿದು ಕರೆತರಬೇಕಾಯಿತು.

ಟಂಟಂ ಗಾಡಿಯಲ್ಲಿ ಊರಿಗೆ ಬರುವಾಗ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಯಾರಿಗೂ ಕೇಳದಂತೆ ಅಂದಳು. "ಯಕ್ಕಾ, ಒಂದ ಏಟು ಹೊರಗೂ ಬರೋಬ್ಬರಿ ಬಂತು."

"ಗೊತ್ತೈತಿ," ಅಂದೆ. "ಎಲ್ಲಾರಕಿಂತ ಮೊದಲ ನನಗ ಗೊತ್ತಾಗೈತಿ."

ಅವಳು ಅತ್ತಳೋ ನಕ್ಕಳೋ, ಸೆರಗು ಅಡ್ಡ ಇತ್ತು, ಕಾಣಲಿಲ್ಲ. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳು ಹಿಡಿದದ್ದು ನೋಯುವ ಬೆರಳನ್ನೇ.

ಮರುದಿನ ಮುಂಜಾನೆ ಬೆರಳು ಮುಳಗಾಯಿಯಂತೆ ನೇರಳೆಗಟ್ಟಿ ಬಾತು ಹಿಟ್ಟು ನಾದಲು ಬರಲಿಲ್ಲ. ನೆಗೆಣ್ಣಿ ಬಂದು ರೊಟ್ಟಿ ಬಡಿದುಕೊಟ್ಟಳು. ಮೂಲೆ ಹುಡುಕಿ ಮುರಿದು ತಿಂದೆ. ತಿಂದು ನೇರ ಬಡಿಗ್ಯಾನ ಮನೆಗೆ ಹೋಗಿ, ಜಾಲಿ ಕಟ್ಟಿಗೆಯಲ್ಲಿ ಹೊಸ ಕೋಲು ಎರಡು ಜೊತೆ ಮಾಡಲು ಹೇಳಿ ಬಂದೆ. ಹಳೆಯವಕ್ಕಿಂತ ಒಂದು ಗೇಣು ಉದ್ದ.