ಚಟ್ನಿಪುಡಿ ಅಂಗಡಿಯ ನೆತ್ತಿಯೇರಿದ ದಪ್ಪಕ್ಷರಗಳಿಗೆ

ಮಾನ್ಯ ಗಜಗಂಭೀರ ಫಾಂಟ್ ಮಹಾಶಯರೇ,

ಜೆ.ಪಿ. ನಗರದ ನಮ್ಮ ಮನೆಯ ಕಾರ್ ಷೆಡ್ಡಿನಲ್ಲಿ ನಡೆಯುವ ಚಟ್ನಿಪುಡಿ ಅಂಗಡಿಯ ಬೋರ್ಡಿನ ಮೇಲೆ ತಾವು ಪಟ್ಟಕ್ಕೇರಿ ತಿಂಗಳಾಯಿತು. ಇಷ್ಟು ದಿನ ಕತ್ತೆತ್ತಿ ನಮಸ್ಕರಿಸದೆ ಇದ್ದುದಕ್ಕೆ ಮೊದಲು ಕ್ಷಮೆ ಕೋರುತ್ತೇನೆ. ಎತ್ತಿದರೆ ಕತ್ತು ಉಳುಕುತ್ತದೆ, ತಮ್ಮ ಗಾತ್ರ ಅಂಥದ್ದು.

ತಮ್ಮನ್ನು ಕರೆತಂದವಳು ನನ್ನ ಅಣ್ಣನ ಮಗಳು ಇಂಚರ. ಹಳೆಯ ಬೋರ್ಡಿನ ಬಣ್ಣ ಹೋಗಿದೆ ಅಂದದ್ದೇ ತಡ, ಕಂಪ್ಯೂಟರಿನಲ್ಲಿ ರಾಶಿ ಅಕ್ಷರಗಳನ್ನು ವಧುಪರೀಕ್ಷೆಗೆ ಕೂರಿಸಿ, "ಅತ್ತೆ, ಇದು ಸಖತ್ ರಾಯಲ್ ಆಗಿದೆ" ಎಂದು ತಮ್ಮನ್ನೇ ಒಪ್ಪಿದಳು. ರಾಯಲ್ ಹೌದು, ಸುಳ್ಳೇಕೆ ಹೇಳಲಿ. ಮೈಸೂರು ಪೇಟದಂಥ ತಲೆಕಟ್ಟು, ಹಬ್ಬದೂಟ ಮುಗಿಸಿದಂಥ ಹೊಟ್ಟೆ, ನಡುವೆ ಕೂದಲೆಳೆಯಷ್ಟು ಸೊಂಟ, ಪ್ರತಿ ಗೆರೆಯ ಕೊನೆಗೆ ಕೂರಲೊಂದು ಪುಟ್ಟ ಮಣೆ.

ಕಷ್ಟವೇನೆಂದರೆ, 'ಕಾತ್ಯಾಯಿನಿ' ಎಂಬ ನನ್ನ ಹೆಸರೊಂದಕ್ಕೇ ತಾವು ಬೋರ್ಡನ್ನೆಲ್ಲ ಆಕ್ರಮಿಸಿಕೊಂಡದ್ದರಿಂದ, 'ಚಟ್ನಿಪುಡಿ' ಎಂಬ ಬಡಪಾಯಿ ಪದ ಕರೆಂಟ್ ಮೀಟರಿನ ಪೆಟ್ಟಿಗೆಯ ಹಿಂದೆ ಮೂಲೆ ಸೇರಿದೆ. ಅಂದಿನಿಂದ ಜನ ಇದನ್ನು ಚಿನ್ನದಂಗಡಿಯೆಂದು ತಿಳಿದು ಹೊರಗೇ ಚಪ್ಪಲಿ ಬಿಡುತ್ತಿದ್ದಾರೆ. ಕೋಣನಕುಂಟೆಯಿಂದ ಬಂದ ಸೊಣ್ಣಮ್ಮನವರಂತೂ ಸೆರಗಿನ ಗಂಟು ಬಿಚ್ಚಿ, "ಅಕ್ಕ, ಈ ಬಳೆ ಇಟ್ಕೊಂಡು ಎಷ್ಟು ಕೊಡ್ತೀರಾ?" ಎಂದು ಕೇಳಿದರು, ಕಡಲೆಬೀಜದ ಚಟ್ನಿಪುಡಿ ಕೊಡುತ್ತೇನೆ ಎಂದದ್ದಕ್ಕೆ ನನ್ನನ್ನೊಮ್ಮೆ, ತಮ್ಮನ್ನೊಮ್ಮೆ ನೋಡಿ ಹೊರಟೇ ಹೋದರು.

ಅದೂ ಹೋಗಲಿ. ಅಂಗೈ ಚಾಚಿ ಒಂದು ಚಿಟಿಕೆ ಹಾಕಿಸಿಕೊಂಡು, ನೆಕ್ಕಿ, ಹುಣಸೆಹಣ್ಣು ಮುಂದಾಯಿತೋ ಬೆಲ್ಲ ಹಿಂದಾಯಿತೋ ತೀರ್ಪು ಕೊಟ್ಟ ಮೇಲೇ ಕೊಳ್ಳುವುದು ನಮ್ಮ ಅಂಗಡಿಯ ಪದ್ಧತಿ. ತಾವು ಬಂದ ಮೇಲೆ ಒಂದು ಅಂಗೈಯೂ ಚಾಚಿಲ್ಲ. ಮೊದಲಿನಿಂದ ಬರುತ್ತಿದ್ದ ಎದುರುಮನೆಯ ಬಸವಲಿಂಗಮ್ಮನವರೇ, "ಇಷ್ಟು ದೊಡ್ಡ ಅಂಗಡೀಲಿ ನೆಕ್ಕೋದು ಚೆನ್ನಾಗಿರಲ್ಲಮ್ಮ" ಎಂದು ಸಂಕೋಚಪಟ್ಟು, ಬರಿಗೈಯಲ್ಲಿ ಮನೆಗೆ ಹೋದಾಗ ನನಗೆ ನಿಜವಾಗಿಯೂ ಅಳು ಬಂತು. ನೆಕ್ಕಿ ನೋಡಿ, ಅದು ಹೆಚ್ಚು ಇದು ಕಡಿಮೆ ಎಂದು ಬೈಯುವವರೇ ಇಲ್ಲದ ಮೇಲೆ ಪುಡಿ ಕುಟ್ಟಲು ಕೈಯೇ ಬರುವುದಿಲ್ಲ.

ಆದ್ದರಿಂದ ತಾವು ದಯಮಾಡಿ ಹೊಟ್ಟೆ ಒಳಗೆಳೆದುಕೊಂಡು, ಕೊಂಚ ಸರಿದು, ಚಟ್ನಿಪುಡಿಗೂ ಕೂರಲು ಜಾಗ ಕೊಡಬೇಕು. ಯಾರಾದರೂ ಗೇಟಿನ ಬಳಿ ಹಿಂಜರಿದರೆ ಪೇಟ ತೆಗೆದು ಒಳಗೆ ಕರೆಯಬೇಕು. ಅದಾಗದಿದ್ದರೆ ಮದುವೆ ಛತ್ರದ ಕಮಾನು, ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸು ಎಂದು ತಮ್ಮ ತೂಕಕ್ಕೆ ತಕ್ಕ ಹುದ್ದೆಗಳು ಊರಲ್ಲಿ ಬೇಕಾದಷ್ಟಿವೆ. ನಮ್ಮ ಬೀದಿಯ ಗುಂಡಿಯೂ ಖಾಲಿಯಿದೆ. ತಾವು ಒಮ್ಮೆ ಉದ್ದಕ್ಕೆ ಮಲಗಿದರೆ ಮುಚ್ಚಿಹೋಗುತ್ತದೆ.

ತಮ್ಮ ನೆರಳಿನಲ್ಲಿ ನೊಣ ಹೊಡೆಯುತ್ತಾ ಕುಳಿತಿರುವ,
ತಮ್ಮ ವಿಶ್ವಾಸಿ,
ಕಾತ್ಯಾಯಿನಿ

ವಿ.ಸೂ.: ಪತ್ರ ಬರೆದಿಟ್ಟ ಮೇಲೆ ತಾಳ್ಮೆ ಸಾಲದೆ, ಸುಣ್ಣ ಕಲಸಿ, ತಮ್ಮ ಕೆಳಗಿನ ಗೋಡೆಯ ಮೇಲೆ 'ಚಟ್ನಿಪುಡಿ, ಕೈ ಚಾಚಿ' ಎಂದು ಬೆರಳಿನಲ್ಲೇ ಸೊಟ್ಟಸೊಟ್ಟಗೆ ಬರೆದೆ. ಇಂಚರ ನೋಡಿ, "ಅತ್ತೆ, ಈ ಫಾಂಟ್ ಎಲ್ಲಿ ಸಿಕ್ತು?" ಎಂದಳು. ಇವತ್ತು ಬೆಳಿಗ್ಗೆ ಬಸವಲಿಂಗಮ್ಮನವರು ಬಂದು ಅಂಗೈ ಚಾಚಿದರು, ನೆಕ್ಕಿದರು, ಉಪ್ಪು ಕಡಿಮೆಯೆಂದು ಚೆನ್ನಾಗಿ ಬೈದು ಕಾಲು ಕೇಜಿ ಕಟ್ಟಿಸಿಕೊಂಡು ಹೋದರು. ತಮ್ಮ ಕಡೆ ಕತ್ತೆತ್ತಿಯೂ ನೋಡಲಿಲ್ಲ.