ಮಾವನ ಸಂಗೀತ ಪತ್ರಿಕೆಯ ಕೊನೆಯ ಪುಟ

ಸಂಗೀತದ ಪತ್ರಿಕೆ ನಡೆಸಿ, ಅದರಲ್ಲಿ ಒಬ್ಬನೇ ಒಬ್ಬ ಸಂಗೀತಗಾರನ ಫೋಟೋ ಹಾಕದ ಭೂಪ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ! ಹಲಸೂರಿನ ಮನೆಯ ಮುಂದಿನ ಕೋಣೆಯಿಂದ ತಿಂಗಳಿಗೊಮ್ಮೆ ಹೊರಡುತ್ತಿದ್ದ ಆ ಪತ್ರಿಕೆಗೆ ಸಂಪಾದಕರೂ ಅವರೇ, ಅಂಚೆಚೀಟಿ ಅಂಟಿಸುವವರೂ ಅವರೇ. “ಫೋಟೋ ಯಾಕಿಲ್ಲ ಮಾವ?” ಎಂದರೆ, “ಜರತಾರಿ ಶಾಲು ನೋಡಕ್ಕೆ ಶುರು ಮಾಡಿದ್ರೆ ಹಾಡು ಯಾವನು ಕೇಳ್ತಾನೆ?” ಎನ್ನುತ್ತಿದ್ದರು. ಅವರ ಜೊತೆ ವಾದ ಮಾಡಿ ಗೆದ್ದವರುಂಟೇ?

ಫೋಟೋ ಹೋಗಲಿ, ಪದಗಳಿಗೂ ಬಹಿಷ್ಕಾರ! ‘ಸುಮಧುರ’ ಕೂಡದು. ‘ಮನಮೋಹಕ’ ಕೂಡದು. ‘ಗಾನಸುಧೆ’ ಎಂದು ಬರೆದವರಿಗೆ ಆ ಮನೆಯಲ್ಲಿ ಕಾಫಿಯೂ ಇಲ್ಲ. ಒಮ್ಮೆ ನಾನು ಇಂದಿರಾನಗರದ ಒಂದು ಕಚೇರಿ ಕೇಳಿ ಬಂದು, ‘ಶ್ರೋತೃಗಳು ಮಂತ್ರಮುಗ್ಧರಾದರು’ ಎಂದು ಬರೆದು ಕೊಟ್ಟೆ. ಹೊರಮಾವಿನ ನನ್ನ ಮನೆ ತಲುಪುವಷ್ಟರಲ್ಲಿ ಫೋನು.

“ಮಂತ್ರ ಹಾಕಿದ್ದು ಯಾರೋ?”

“ಮಾವ, ಅದು ಹಂಗೆ ಹೇಳೋದು...”

“ಬಿಡಿಸಿದ್ರಾ? ಇಲ್ಲ ಇನ್ನೂ ಅಲ್ಲೇ ಕೂತಿದಾರಾ, ಪಾಪ?”

ಇಷ್ಟು ಕಾಟ ಕೊಡುವ ಮನುಷ್ಯ ತಾನು ಹೇಗೆ ಬರೆಯುತ್ತಿದ್ದ ಅಂತೀರಾ? ಗುಡಿಯ ನಾಗಸ್ವರ ಕೇಳಿ ಬಂದು ಬರೆದದ್ದು ನನಗೆ ಬಾಯಿಪಾಠವಾಗಿದೆ: ‘ಮೇಲಿನ ಷಡ್ಜಕ್ಕೆ ಅವರು ತುಂಬಿದ ಕೊಡ ಹೊತ್ತವರ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿದರು. ಮೇಲೆ ನಿಂತ ಮೇಲೂ ಕೊಡ ಇಳಿಸಲಿಲ್ಲ. ನಮ್ಮ ಭುಜ ನೋಯಿತು.’ ಅಬ್ಬಾ! ಓದುತ್ತಾ ನಾನು ನಿಜವಾಗಿಯೂ ಭುಜ ಮುಟ್ಟಿಕೊಂಡಿದ್ದೇನೆ. ಅಂಥದ್ದೊಂದು ವಾಕ್ಯ ಈ ಜನ್ಮದಲ್ಲಿ ನನ್ನಿಂದಾಗದು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚು, ಭಕ್ತಿ ಎಂದರೆ ಭಕ್ತಿ!

ಒಂದು ದಿನ ಶಿವಾಜಿನಗರಕ್ಕೆ ಕೊತ್ತಂಬರಿ ಸೊಪ್ಪು ತರಲು ಹೋದವರು ಮದುವೆ ಮೆರವಣಿಗೆಯ ಬ್ಯಾಂಡಿನ ಹಿಂದೆ ಹೊರಟೇಬಿಟ್ಟರು. ಛತ್ರದ ಬಾಗಿಲಲ್ಲಿ ಯಾರೋ ಹಿರಿಯರು ಕೈಗೆ ಅತ್ತರು ಹಚ್ಚಿ, “ಆಪ್ ದುಲ್ಹನ್‌ವಾಲೇ?” ಎಂದು, ಹೆಣ್ಣಿನ ಕಡೆಯವರೇ ಅಂತ ವಿಚಾರಿಸಿದರಂತೆ.

“ಇಲ್ಲ ಸ್ವಾಮಿ, ನಾನು ಕ್ಲಾರಿನೆಟ್ ಕಡೆಯವನು!”

ಅವರು ನಕ್ಕು, ಕೈಹಿಡಿದು ಊಟಕ್ಕೆ ಕೂರಿಸಿದರು. ಮಾವ ಮನೆಗೆ ಬಂದದ್ದು ಕೊತ್ತಂಬರಿಯಿಲ್ಲದೆ, ಘಮಘಮ ಅನ್ನುತ್ತಾ. ಬೇರೆ ಹೆಂಡತಿಯಾಗಿದ್ದರೆ ರಾದ್ಧಾಂತವಾಗುತ್ತಿತ್ತು. ನಮ್ಮ ಅತ್ತೆ ಕೇಳಿದ್ದು ಒಂದೇ ಮಾತು, “ಏನು ನುಡಿಸಿದ್ರು ರೀ?”

ಆ ಪ್ರಶ್ನೆಗೆ ಉತ್ತರವೇ ಇಡೀ ಪತ್ರಿಕೆ. ಒಂದು ಕಾಲದಲ್ಲಿ ಬಾಣಸವಾಡಿಯ ಎಷ್ಟೋ ಮಕ್ಕಳಿಗೆ ಹಾಡು ಕಲಿಸಿದ ಅತ್ತೆಗೆ ಕಿವಿ ಮಂದವಾಗುತ್ತಾ ಬಂತು. ಕಿವಿಗೆ ಹಾಕುವ ಮೆಷೀನಿನಲ್ಲಿ ಮಾತು ಕೇಳಿಸುತ್ತದೆ, ಹಾಡು ಮಾತ್ರ ತಗಡು ಬಡಿದ ಹಾಗೆ. ಅದಾದ ಮೇಲೆಯೇ ಮಾವ ಪತ್ರಿಕೆ ಶುರು ಮಾಡಿದ್ದು. ಅಚ್ಚಿಗೆ ಹೋಗುವ ಮುಂಚೆ ಪ್ರತಿಯೊಂದು ಲೇಖನವೂ ಅತ್ತೆಯ ಕೈಗೆ. ಓದುತ್ತಾ ಓದುತ್ತಾ ಅವರ ಬೆರಳು ತೊಡೆಯ ಮೇಲೆ ತಾಳ ಹಾಕಿತೋ, ಪಾಸು. “ಚೆನ್ನಾಗಿದೆ” ಎಂದು ಬಾಯಲ್ಲಿ ಹೇಳಿದರೋ, ಲೇಖನ ಕಸದ ಬುಟ್ಟಿಗೆ! ನನ್ನವಂತೂ ಎಷ್ಟೋ ಸಲ ಚೆನ್ನಾಗಿದ್ದವು.

ಚಂದಾದಾರರು ಒಬ್ಬೊಬ್ಬರಾಗಿ ಕಳಚಿಕೊಂಡರು. ಕೊನೆಗೆ ಶಿವಾಜಿನಗರದ ಪ್ರೆಸ್ಸಿನ ಭಾಯಿಯೂ ಕೈಯೆತ್ತಿದರು. “ಮೆಷೀನ್ ಮಾರ್ತಾ ಇದೀನಿ ಸಾಬ್. ಮಗ ಫ್ಲೆಕ್ಸ್ ಹಾಕ್ತಾನಂತೆ. ಇದೊಂದು ಸಂಚಿಕೆ ಮಾಡ್ಕೊಡ್ತೀನಿ, ಸಾಕು.” ಇಷ್ಟು ಕಡಿಮೆ ಪ್ರತಿಯ ಕೆಲಸ ಬೇರೆ ಯಾವ ಪ್ರೆಸ್ಸಿಗೂ ಬೇಡ.

“ಅತ್ತೆಗೆ ತಾನೇ? ಕೈಯಲ್ಲೇ ಬರೆದು ಕೊಡಿ ಮಾವ,” ಎಂದೆ, ದೊಡ್ಡ ಬುದ್ಧಿವಂತನ ಹಾಗೆ.

“ಕೊಟ್ಟು ನೋಡಿದೀನಿ ಕಣೋ. ‘ನನಗೋಸ್ಕರ ಯಾಕೆ ಒದ್ದಾಡ್ತೀರಾ’ ಅಂತ ಪಕ್ಕಕ್ಕಿಡ್ತಾಳೆ. ಪತ್ರಿಕೆ ಕೆಲಸ ಅಂದ್ರೆ ಮಾತ್ರ ಕೂತು ಓದ್ತಾಳೆ. ಇನ್ನು ಅವಳಿಗೆ ಹಾಡು ಹೆಂಗೋ ಮುಟ್ಟಿಸ್ಲಿ?” ಎಂದರು.

ಕೊನೆಯ ಸಂಚಿಕೆಯ ಕೊನೆಯ ಪುಟ ಖಾಲಿ ಉಳಿಯಿತು. ವಿದಾಯದ ನಾಲ್ಕು ಮಾತು ಬರೆಯಲು ಮಾವನಿಗೆ ಕೈ ಬರಲಿಲ್ಲ. ಅಷ್ಟು ವರ್ಷ ಒಂದು ಸಾಲೂ ಬರೆಯದ ಅತ್ತೆ ಒಂದು ಬೆಳಿಗ್ಗೆ ಹಾಳೆಯೊಂದನ್ನು ಅವರ ಮುಂದಿಟ್ಟು ಒಳಗೆ ಹೋದರು. ಮಾವ ಓದಿ, ನನ್ನ ಕಡೆ ನೂಕಿದರು.

‘ಇವರು ಸ್ನಾನ ಮಾಡಿ ಬಂದು ಗುನುಗುತ್ತಾ ಕೂರುತ್ತಾರೆ. ನಾನು ಬೆನ್ನಿಗೆ ಬೆನ್ನು ಕೊಟ್ಟು ಸೊಪ್ಪು ಬಿಡಿಸುತ್ತೇನೆ. ಹಾಡು ನನ್ನ ಪಕ್ಕೆಲುಬಿಗೆ ಕೇಳಿಸುತ್ತದೆ. ತಾಳ ದಿನವೂ ಒಂದೇ ಜಾಗದಲ್ಲಿ ತಪ್ಪುತ್ತದೆ. ನಾನು ಹೇಳುವುದಿಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತಾರೆ.’

ನಾನು ತಲೆಯೆತ್ತಿದಾಗ ಮಾವ ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸುತ್ತಿದ್ದರು. ಒರೆಸಿದರು, ಒರೆಸಿದರು, ಹಾಕಿಕೊಳ್ಳಲೇ ಇಲ್ಲ.

“ಮುಂದಿನ ಸಂಚಿಕೆಗೆ ಇನ್ನೊಂದು ಬರ್ಕೊಡ್ತಾಳಾ ಕೇಳು,” ಎಂದರು.

“ಮಾವ, ಮುಂದಿನ ಸಂಚಿಕೆ...”

“ಗೊತ್ತು ಕಣೋ. ಆದ್ರೂ ಕೇಳು.”

ಅಡುಗೆಮನೆಗೆ ಹೋಗಿ ಕೇಳಿದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, “ಎಷ್ಟು ಪುಟ ಬೇಕಂತೆ?” ಎಂದರು.