ಕಾಕಾನ ಟೆರೇಸು, ಕಾಕೂನ ಮೂಗು

ನಮ್ಮ ಕಾಕಾನಷ್ಟು ವಿಚಿತ್ರ ತೋಟಗಾರ ಹೈದರಾಬಾದಿನ ಇಡೀ ಮೆಹದಿಪಟ್ಟಣಂನಲ್ಲಿ ಇನ್ನೊಬ್ಬರಿಲ್ಲ. ಇದನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ, ಮುಖದ ಮುಂದೆಯೇ ಹತ್ತು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಅವರು ಹುಬ್ಬೇರಿಸಿ "ಹೌದೇನು?" ಎಂದು ಕೇಳಿ, ಮತ್ತೊಂದು ಕುಂಡಕ್ಕೆ ಮಣ್ಣು ತುಂಬಲು ಹೋಗುತ್ತಾರೆ. ಮನೆಯಲ್ಲಿ ತರಕಾರಿ ಬೆಳೆಯುವವರು ಸಾಮಾನ್ಯವಾಗಿ ಏನು ನೋಡುತ್ತಾರೆ ಹೇಳಿ? ಕಾಯಿ ಎಷ್ಟು ಬಿಟ್ಟಿತು, ರುಚಿ ಹೇಗಿತ್ತು, ಇಷ್ಟೇ ತಾನೆ? ನಮ್ಮ ಕಾಕಾ ನೋಡುತ್ತಿದ್ದದ್ದು ವಾಸನೆ! ಅವರ ಟೆರೇಸಿನಲ್ಲಿ ಬೆಳೆದದ್ದರಲ್ಲಿ ಹೊಟ್ಟೆಗೆ ಸೇರಿದ್ದಕ್ಕಿಂತ ಮೂಗಿನ ತನಕ ಹೋಗಿ ಬಂದದ್ದೇ ಹೆಚ್ಚು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಕಲಬುರಗಿ ಕಡೆಯ ನಮ್ಮ ಮನೆತನ ಅಜ್ಜನ ಕಾಲಕ್ಕೇ ಹೈದರಾಬಾದಿಗೆ ಬಂದು ಸರಕಾರಿ ನೌಕರಿ ಹಿಡಿದದ್ದು. ಕಾಕಾ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ಅಂಗಡಿ ಅಂಗಡಿಯ ತಕ್ಕಡಿ ಎತ್ತಿ, ಅಡಿಯಲ್ಲಿ ಅಯಸ್ಕಾಂತ ಅಂಟಿಸಿದ್ದಾರೆಯೇ ಎಂದು ಬಗ್ಗಿ ನೋಡಿದ ಮನುಷ್ಯನಿಗೆ ಜಗತ್ತಿನಲ್ಲಿ ಯಾರ ಮೇಲೆ ತಾನೆ ನಂಬಿಕೆ ಉಳಿದೀತು? ನಿವೃತ್ತಿಯಾದ ಮೇಲೂ ಅವರ ಜೇಬಿನಲ್ಲೊಂದು ಸ್ಪ್ರಿಂಗ್ ತಕ್ಕಡಿ ಇದ್ದೇ ಇರುತ್ತಿತ್ತು. ಅವರನ್ನು ದೂರದಿಂದ ಕಂಡರೇ ತರಕಾರಿ ಬಂಡಿಯವರು ಬಂಡಿ ತಿರುಗಿಸಿ ಬೇರೆ ಗಲ್ಲಿಗೆ ಹೋಗುತ್ತಿದ್ದರು. ಒಂದೇ ಬಿಲ್ಡಿಂಗಿನಲ್ಲಿ ನಾನು ಎರಡನೇ ಮಹಡಿ, ಅವರು ನಾಲ್ಕನೇ ಮಹಡಿ. ಅದರ ಮೇಲೆ ಟೆರೇಸು.

ಇಂಥವರಿಗೆ ಗಿಡದ ಹುಚ್ಚು ಹತ್ತಿದ್ದಕ್ಕೆ ಕಾರಣ ನಮ್ಮ ಕಾಕೂ, ಅಂದರೆ ಅವರ ಹೆಂಡತಿ. ಎರಡು ವರ್ಷದ ಹಿಂದೆ ಕಾಕೂಗೆ ಒಂದು ಜ್ವರ ಬಂತು. ವಾರದಲ್ಲಿ ಜ್ವರ ಹೋಯಿತು, ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಒಯ್ದಿತು. ಯಾರ ಮೂಗು ಅಂದುಕೊಂಡಿರಿ! ಹಾಲ್‌ನಲ್ಲಿ ಕುಳಿತೇ ಅಡುಗೆಮನೆಯಲ್ಲಿ ಕುದಿಯುವ ಸಾರಿಗೆ ಹುಳಿ ಕಡಿಮೆಯಾಗಿದೆ ಎಂದು ಹೇಳುತ್ತಿದ್ದವಳು. ನಾನು ಮೆಟ್ಟಿಲು ಹತ್ತುವಾಗಲೇ "ಬಾ, ಇವತ್ತ ನಿಮ್ಮ ಮನ್ಯಾಗ ಮೆಂತೆ ಪಲ್ಯ ಮಾಡೀಯಲ್ಲ?" ಎಂದು ಕೇಳುತ್ತಿದ್ದವಳು. ಆ ಕಾಕೂ ಒಂದು ದಿನ ಒಲೆಯ ಮುಂದೆಯೇ ನಿಂತಿದ್ದಾಗ ಒಗ್ಗರಣೆ ಕರಕಾಗಿ ಮನೆಯೆಲ್ಲ ಹೊಗೆಯಾಯಿತು. ಅವಳು ಸೌಟು ಹಿಡಿದು ಸುಮ್ಮನೆ ಕಿಟಕಿಯ ಕಡೆ ನೋಡುತ್ತಿದ್ದಳು. ಅಂದು ಒಲೆ ಆರಿಸಿ ಹೊರಗೆ ಬಂದವಳು, "ಇನ್ನ ಒಲಿ ಮುಂದ ನಿಂತು ನಾ ಏನ ಮಾಡ್ಲಿ?" ಎಂದು ಕೋಣೆಗೆ ಹೋಗಿ ಮಲಗಿದಳು. ಮರುದಿನದಿಂದ ಅಡುಗೆಗೆ ಬೇರೆ ಹೆಂಗಸು ಬರತೊಡಗಿದಳು. ಕಾಕೂ ತಟ್ಟೆಗೆ ಹಾಕಿದ್ದನ್ನು ಔಷಧಿ ನುಂಗುವ ಹಾಗೆ ನುಂಗಿ ಎದ್ದುಬಿಡುತ್ತಿದ್ದಳು.

ಡಾಕ್ಟರು ಹೇಳಿದ್ದು ಇಷ್ಟು: ವಾಸನೆ ತಿರುಗಿ ಬಂದರೂ ಬರಬಹುದು, ಬಾರದೆಯೂ ಇರಬಹುದು. ದಿನಾ ಬೇರೆ ಬೇರೆ ಗಾಢ ವಾಸನೆಗಳನ್ನು ಮೂಸಿಸುತ್ತ ಇರಿ. ಬೇರೆ ಯಾರಾದರೂ ಆಗಿದ್ದರೆ ಕರ್ಪೂರ, ಲವಂಗ ತಂದಿಟ್ಟು ಸುಮ್ಮನಾಗುತ್ತಿದ್ದರು. ಕಾಕಾ ರೈತು ಬಜಾರಿಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ತಂದು, ತಾವೇ ಮೂಸಿ, ಮುಖ ಸಿಂಡರಿಸಿ ತೀರ್ಪು ಕೊಟ್ಟರು. "ನೀರು ಹೊಡದು ಹೊಡದು ಇದರ ವಾಸನಿ ತಗದಾರ. ಇದು ಕಲಬೆರಕಿ ಮಾಲು. ನಾನೇ ಬೆಳಿತೀನಿ."

ಹಾಗೆ ಶುರುವಾಯಿತು.

ಮೊದಲು ಮಣ್ಣು ಮೇಲೆ ಹೋಗಬೇಕಲ್ಲ? ನಮ್ಮ ಲಿಫ್ಟಿನಲ್ಲಿ ಆರು ಜನ, ನಾನೂರ ಎಂಟು ಕಿಲೋ ಎಂದು ಬರೆದಿದೆ. ನಾವೆಲ್ಲ ಜನರನ್ನು ಎಣಿಸುತ್ತೇವೆ, ಕಾಕಾ ಕಿಲೋ ಎಣಿಸಿದರು. ಒಂದೊಂದು ಚೀಲವನ್ನೂ ತೂಗಿ, ತಮ್ಮ ಅರವತ್ತೊಂದು ಕಿಲೋ ಸೇರಿಸಿ, ಲಿಫ್ಟು ತುಂಬಿಸಿಕೊಂಡು ನಿಂತಿದ್ದಾಗ ಅಸೋಸಿಯೇಷನ್ನಿನ ಸೆಕ್ರೆಟರಿ ಒಳಗೆ ಕಾಲಿಟ್ಟರು. ಅವರು ಸ್ವಲ್ಪ ದಪ್ಪನೆಯ ಮನುಷ್ಯ. ಕಾಕಾ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಆಪ್ ನಬ್ಬೆ ಕೆ ಊಪರ್ ಹೈ ಸಾಬ್, ಸೀಡಿಯಾಂ ಸೆ ಜಾವೋ" ಎಂದರು. ತೊಂಬತ್ತು ಕಿಲೋ ದಾಟಿದ್ದೀರಿ, ಮೆಟ್ಟಿಲ ಮೇಲೆ ಹೋಗಿ ಎಂದು ಒಬ್ಬ ಸೆಕ್ರೆಟರಿಗೆ ಅವರ ಬಿಲ್ಡಿಂಗಿನಲ್ಲೇ ಹೇಳಿದರೆ ಏನಾಗುತ್ತದೆ? ಅವರು ಮೆಟ್ಟಿಲು ಹತ್ತಿಯೇ ಹೋದರು, ಆದರೆ ಆ ತೊಂಬತ್ತನ್ನು ಮರೆಯಲಿಲ್ಲ.

ಕೊತ್ತಂಬರಿ ಬಿತ್ತಿದ ಕಥೆಯೇ ಬೇರೆ. ಮೊದಲ ಸಲ ಹಾಕಿದ ಕಾಳು ಒಂದೂ ಮೊಳೆಯಲಿಲ್ಲ. ಕೋಣೆಯಲ್ಲಿ ಮಲಗಿದ್ದ ಕಾಕೂ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು, "ಇಡೀ ಕಾಳು ಹಾಕಿದ್ರ ಎಲ್ಲಿ ಬರ್ತೈತ್ರಿ? ನೆಲಕ್ಕ ಹಾಕಿ ಚಪ್ಪಲಿಲೆ ತಿಕ್ಕಿ ಎರಡು ಹೋಳು ಮಾಡಬೇಕು. ನಮ್ಮ ಊರಾಗ ಎಲ್ಲಾರೂ ಹಂಗ ಮಾಡ್ತಾರ."

"ಉಣ್ಣೋ ಪದಾರ್ಥಕ್ಕ ಚಪ್ಪಲಿ ಹಚ್ಚೂದೇನು?" ಎಂದು ಕಾಕಾ ಕಿವಿ ಮುಚ್ಚಿಕೊಂಡರು. ಎರಡನೇ ಸಲವೂ ಇಡೀ ಕಾಳನ್ನೇ ಬಿತ್ತಿದರು. ಎರಡನೇ ಸಲವೂ ಮಣ್ಣು ಮಣ್ಣಾಗಿಯೇ ಉಳಿಯಿತು. ಆಗ ಅವರು ಮಾಡಿದ್ದೇನು ಗೊತ್ತೇ? ಅಂಗಡಿಗೆ ಹೋಗಿ ಕೊತ್ತಂಬರಿಗೆಂದೇ ಒಂದು ಜೊತೆ ಹೊಸ ಚಪ್ಪಲಿ ತಂದರು! ತೊಳೆದು, ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಕಾಲಿಗೆ ಹಾಕದೆ ಕೈಗೆ ತೊಟ್ಟುಕೊಂಡು, ನೆಲದ ಮೇಲೆ ಮಂಡಿಯೂರಿ ಕಾಳು ತಿಕ್ಕಿದರು. ಎಂಟೊಂಬತ್ತು ದಿನಕ್ಕೆ ಮೊಳಕೆ ಬಂತು. ಆ ಚಪ್ಪಲಿ ಈಗಲೂ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಬೇಳೆ ಡಬ್ಬಿಗಳ ಪಕ್ಕದಲ್ಲಿದೆ. ಒಂದು ಸಲ ತೊಳೆದು ಬಾಗಿಲ ಬಳಿ ಒಣಗಲು ಇಟ್ಟಿದ್ದಾಗ ನಾನು ಗೊತ್ತಿಲ್ಲದೆ ಅದನ್ನು ಮೆಟ್ಟಿ ಟೆರೇಸಿಗೆ ಹೋಗಿದ್ದೆ. ಕಾಕಾ ನನ್ನ ಜೊತೆ ನಾಲ್ಕು ದಿನ ಮಾತಾಡಲಿಲ್ಲ.

ಬೆಳೆ ಬಂದ ಮೇಲೆ ಪರೀಕ್ಷೆ ಶುರುವಾಯಿತು. ಬೆಳಗ್ಗೆ ಏಳು ಗಂಟೆಗೆ ಕಾಕೂ ಊಟದ ಟೇಬಲ್ಲಿನ ಮುಂದೆ ಕಣ್ಣು ಮುಚ್ಚಿ ಕೂರಬೇಕು. ಕಾಕಾ ಟೆರೇಸಿನಿಂದ ಒಂದು ಎಲೆ ಕಿತ್ತು ತಂದು, ಬೆರಳಲ್ಲಿ ಹಿಚುಕಿ, ಮೂಗಿಗೆ ಹಿಡಿಯುವುದು. ಸಾಕ್ಷಿಗೆ ನಾನು. ನನಗೆ ಎಂಟು ಗಂಟೆಗೆ ಶಾಲೆ, ಒಂಬತ್ತನೇ ತರಗತಿಗೆ ಗಣಿತ ಕಲಿಸಬೇಕು, ಆದರೆ ಸಾಕ್ಷಿಯಿಲ್ಲದೆ ಪಂಚನಾಮೆ ಆಗುವುದಿಲ್ಲವಂತೆ.

"ವಾಸನಿ ಬಂತೇನು?"

"ಇಲ್ರಿ."

"ಭೇಷ್. ನಾಳೆ ನೋಡೂಣು."

ಮೂರನೇ ವಾರ ಕಾಕೂ ಇದ್ದಕ್ಕಿದ್ದಂತೆ ಎಲ್ಲ ಸರಿಯಾಗಿ ಹೇಳತೊಡಗಿದಳು. ಪುದೀನ, ಲಿಂಬೆ ಎಲೆ, ಕರಿಬೇವು. ನನಗಂತೂ ಸಂತೋಷ. ಕಾಕಾನ ಮುಖದಲ್ಲಿ ಮಾತ್ರ ಇಲಾಖೆಯ ಹಳೆಯ ಗಾಂಭೀರ್ಯ. ನಾಲ್ಕನೇ ದಿನ ಅವರು, "ಕೈ ಹಿಂದ ಕಟ್ಟಿಕೋ" ಎಂದರು. ಅಂದು ಒಂದೂ ಗೊತ್ತಾಗಲಿಲ್ಲ. ಕಾಕೂ ಎಲೆಯನ್ನು ಮೂಸುವ ನೆಪದಲ್ಲಿ ಬೆರಳಿನಿಂದ ಮುಟ್ಟಿ ಮುಟ್ಟಿ ಹೇಳುತ್ತಿದ್ದಳು! ಕಾಕಾ ಬೈಯಲಿಲ್ಲ. "ಇಂಥಾ ಕೈಚಳಕ ಬೇಗಂ ಬಜಾರದ ಅಂಗಡ್ಯಾಗೂ ನೋಡಿಲ್ಲ" ಎಂದಷ್ಟೇ ಹೇಳಿ, ಸಂಜೆ ಬೆಳ್ಳುಳ್ಳಿ ನೆಟ್ಟರು.

ಬೆಳ್ಳುಳ್ಳಿಗೂ ಮೂಗು ಏಳಲಿಲ್ಲ. ಹಸಿಮೆಣಸಿನಕಾಯಿ ಬಂದಾಗ ಅದನ್ನು ಮುರಿದು ಹಿಡಿದರು. ಕಾಕೂ ಏಳು ಸಲ ಸೀನಿದಳು. ಕಾಕಾ ಕುಣಿಯುವುದೊಂದು ಬಾಕಿ. ಕೂಡಲೇ ಡಾಕ್ಟರಿಗೆ ಫೋನು ಹಚ್ಚಿ, "ಏಳು ಸಲ್ರಿ, ಎಣಿಸೀನಿ" ಎಂದು ವರದಿ ಒಪ್ಪಿಸಿದರು. ಸೀನುವುದು ಖಾರದ ಉರಿಗೆ, ವಾಸನೆಗಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಕಾಕಾ ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿ, "ಬಾಗಲದ ತನಕಾ ಬಂದೈತಿ ಅಂತ ಆತು. ಒಳಗ ಕರೀಬೇಕು" ಎಂದರು. ನೋಡಿ, ಇಂಥವರನ್ನು ಏನು ಮಾಡುತ್ತೀರಿ?

ಚಳಿಗಾಲಕ್ಕೆ ಹಕ್ಕರಕಿ ಸೊಪ್ಪಿನ ಸರದಿ. ನಮ್ಮ ಕಡೆ ಜೋಳದ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಘಾಟಿನ ಸೊಪ್ಪು ಅದು. ಕಾಕೂಗೆ ಅದೆಂದರೆ ಪ್ರಾಣ. ಹೈದರಾಬಾದಿನಲ್ಲಿ ಅದರ ಬೀಜ ಸಿಗದೆ ಊರಿನಿಂದ ಬರುವವರ ಕೈಯಲ್ಲಿ ತರಿಸಿ, ಕಾಕಾ ಕಾಚಿಗೂಡ ಸ್ಟೇಷನ್ನಿಗೆ ಹೋಗಿ ಎರಡು ತಾಸು ಕಾದು ಪೊಟ್ಟಣ ಇಸಿದುಕೊಂಡು ಬಂದರು. ಸೊಪ್ಪು ಸೊಗಸಾಗಿ ಬಂತು. ಮೊದಲ ದಿನ ಇಲ್ರಿ. ಎರಡನೇ ದಿನ ಇಲ್ರಿ. ಮೂರನೇ ದಿನ ಕಾಕಾ ಮೂಗಿಗೆ ಮುಷ್ಟಿ ಹಿಡಿದದ್ದೇ ತಡ, ಕಾಕೂ ಮುಖ ಅರಳಿಸಿ, "ಬಂತ್ರಿ! ಹಕ್ಕರಕಿ ಘಾಟು ಹೊಡಿಯಾಕತ್ತೈತ್ರಿ" ಎಂದಳು.

ಕಾಕಾ ಮುಷ್ಟಿ ಬಿಚ್ಚಿದರು. ಒಳಗೆ ಏನೂ ಇರಲಿಲ್ಲ. ತಕ್ಕಡಿಯ ಪರೀಕ್ಷೆ ಮಾಡುವಾಗ ನಡುವೆ ಒಮ್ಮೆ ಖಾಲಿ ತಟ್ಟೆಯನ್ನೂ ನೋಡಬೇಕು ಎಂಬುದು ಅವರ ನಿಯಮ.

ಕಾಕೂ ಕಣ್ಣು ತೆರೆದಳು. "ನೀವು ಭಾಳ ದಣಿಯಾಕತ್ತೀರಿ" ಎಂದಳು. "ಒಂದ ಸಲ ಹೌದು ಅಂದ್ರ ಬಿಡ್ತೀರಿ ಅಂದ್ಕೊಂಡೆ."

"ಸುಳ್ಳ ಹೇಳಿಸ್ಕೊಳ್ಳಾಕ ನಾ ಗಿಡ ಹಚ್ಚಿಲ್ಲ" ಎಂದರು ಕಾಕಾ. "ನಿನಗ ಬ್ಯಾಸರ ಆದ್ರ ನೀ ಕುಂದರಬ್ಯಾಡ. ನಾ ಬೆಳಿಯೂದು ಬಿಡಂಗಿಲ್ಲ." ನಾನು ಅಂದು ಶಾಲೆಗೆ ತಡವಾಗಿ ಹೋದೆ. ಮರುದಿನ ಏಳು ಗಂಟೆಗೆ ನೋಡಿದರೆ ಕಾಕೂ ಟೇಬಲ್ಲಿನ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದಳು.

ಬೇಸಿಗೆ ಹತ್ತಿತು. ಗಿಡಗಳೆಲ್ಲ ಹಳದಿ. ರೈತು ಬಜಾರಿನ ಒಬ್ಬ ಮುದುಕಿ ಕಾಕಾನಿಗೆ ಗೊಬ್ಬರದ ಉಪಾಯ ಹೇಳಿಕೊಟ್ಟಳು: ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಯನ್ನು ನೀರಲ್ಲಿ ನೆನೆಹಾಕಿ, ದಿನಾ ಕೋಲಿನಿಂದ ತಿರುವಿ, ನಾಲ್ಕನೇ ದಿನಕ್ಕೆ ಗಿಡಕ್ಕೆ ಹಾಕು. ಕಾಕಾ ಹಿಂಡಿಯನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿದರು, ನೀರನ್ನು ಲೀಟರಿನ ಲೆಕ್ಕದಲ್ಲಿ ಅಳೆದರು. ಅಷ್ಟರಲ್ಲಿ ಕಲಬುರಗಿಯಲ್ಲಿ ಒಂದು ಮದುವೆ ಬಂತು. ಕಾಕೂ ಬರುವುದಿಲ್ಲ ಎಂದಳು, ಅವರೊಬ್ಬರೇ ಹೊರಟರು. ತಾವಿಲ್ಲದಾಗ ಯಾರಾದರೂ ಮುಟ್ಟಿದರೆ? ಕಲಬೆರಕೆ ಮಾಡಿದರೆ? ಟೆರೇಸಿನಲ್ಲಿ ಹಿಂಡಿ ನೆನೆಹಾಕಿದ ನೀಲಿ ಡ್ರಮ್ಮಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಸುತ್ತ ದಾರ ಕಟ್ಟಿ, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತಿದರು! ಒಳಗೇನಿದೆ ಎಂದು ನನಗೊಬ್ಬಳಿಗೆ ಮಾತ್ರ ಹೇಳಿ, ಮುದ್ರೆ ಕಾಯುವ ಜವಾಬ್ದಾರಿ ವಹಿಸಿ ಹೋದರು. ಮದುವೆ, ಬೀಗರ ಊಟ, ಅದು ಇದು ಎಂದು ತಿರುಗಿ ಬರುವಷ್ಟರಲ್ಲಿ ಹನ್ನೊಂದು ದಿನ. ಏಪ್ರಿಲ್ ತಿಂಗಳ ಹೈದರಾಬಾದಿನ ಬಿಸಿಲಿನಲ್ಲಿ, ಮುಚ್ಚಿದ ಡ್ರಮ್ಮಿನಲ್ಲಿ, ಹನ್ನೊಂದು ದಿನ.

ಭಾನುವಾರ ಸಂಜೆ ಅವರು ಮುದ್ರೆ ಒಡೆದರು.

ಆ ನಾತವನ್ನು ನಾನು ವರ್ಣಿಸುವುದಿಲ್ಲ. ಓದುವವರು ಊಟ ಮಾಡುವವರಿದ್ದೀರಿ. ಎರಡನೇ ಮಹಡಿಯಲ್ಲಿ ಚಹಾ ಕುಡಿಯುತ್ತಿದ್ದ ನಾನು ಕಪ್ಪು ಬಿಟ್ಟು ಓಡಿದೆ ಎಂದರೆ ಸಾಕು. ಮೂರನೇ ಮಹಡಿಯವರ ಮನೆಗೆ ಹುಡುಗಿ ನೋಡಲು ಬಂದಿದ್ದವರು ಚಪ್ಪಲಿ ಹುಡುಕುತ್ತಿದ್ದರು. ನಾನು ಟೆರೇಸು ತಲುಪುವಷ್ಟರಲ್ಲಿ ಸೆಕ್ರೆಟರಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದರು, ಹಿಂದೆ ಏಳೆಂಟು ಜನ. "ಕಲ್ ಸುಬೆ ತಕ್ ಪೂರಾ ಛತ್ ಖಾಲಿ ಹೋನಾ ಸಾಬ್. ಏಕ್ ಗಮ್ಲಾ ನಹೀ ಹೋನಾ." ನಾಳೆ ಬೆಳಗಿನೊಳಗೆ ಟೆರೇಸು ಖಾಲಿ ಆಗಬೇಕು, ಒಂದು ಕುಂಡವೂ ಇರಕೂಡದು.

ಕಾಕಾ ವಾದ ಮಾಡಲಿಲ್ಲ. ಅದನ್ನು ನೋಡಿ ನನಗೆ ಗಾಬರಿಯಾಯಿತು. ಕೋಲು ಹಿಡಿದು ಹಕ್ಕರಕಿಯ ಕುಂಡಗಳ ಕಡೆ ನೋಡುತ್ತ ನಿಂತಿದ್ದರು. "ಇಷ್ಟು ದಿನಾ ಆತು. ಇನ್ನೊಂದ ಸ್ವಲ್ಪ ಟೈಮ್ ಬೇಕಾಗಿತ್ತು ಮಗಳ" ಎಂದು ನನಗೆ ಮೆಲ್ಲಗೆ ಹೇಳಿದರು. ಸೆಕ್ರೆಟರಿಯ ಮುಂದೆ ಕೈ ಮುಗಿಯಲು ಕೋಲು ಕೆಳಗಿಟ್ಟರು.

ಆಗ ಜನರನ್ನು ಎರಡೂ ಕಡೆ ಸರಿಸಿಕೊಂಡು ಕಾಕೂ ಬಂದಳು. ಮೊಣಕಾಲು ನೋವಿನಿಂದ ಈ ಎರಡು ವರ್ಷದಲ್ಲಿ ಒಂದು ದಿನವೂ ಟೆರೇಸು ಹತ್ತಿದವಳಲ್ಲ. ಏದುಸಿರು, ಮೂಗಿನ ಮೇಲೆ ಸೆರಗು, ಕಣ್ಣಲ್ಲಿ ಬೆಂಕಿ.

"ಏನ್ರಿ ಇದು? ಮನುಷ್ಯಾರು ಇರ್ತಾರಿಲ್ಲಿ ಅನ್ನೂ ಖಬರು ಐತೋ ಇಲ್ಲೋ? ಮಲಗಿದ್ದೆ, ಉಸಿರು ಕಟ್ಟಿ ಎದ್ದು ಕುಂತೆ. ಏನ್ ನಾತರಿ ಇದು?"

ಕಾಕಾ ಅಲುಗಾಡಲಿಲ್ಲ. "ಏನಂದಿ?"

"ಕಿವಿ ಕೇಳಂಗಿಲ್ಲೇನು? ನಾತ ಅಂದೆ."

"ಎಂಥಾ ನಾತ?" ಕಾಕಾ ಅವಳ ಕಡೆ ಒಂದು ಹೆಜ್ಜೆ ಇಟ್ಟರು.

"ಎಂಥಾದ್ದು ಅಂದ್ರ? ಶೇಂಗಾ ಕೊಳತು..." ಎಂದವಳು ಅಲ್ಲಿಗೇ ನಿಂತಳು.

ಸೆಕ್ರೆಟರಿಗೆ ಕನ್ನಡ ಬಾರದು. ಮುದುಕ ಅಳುತ್ತಿದ್ದಾನೆ, ಮುದುಕಿ ಬೈಯುವುದನ್ನು ನಿಲ್ಲಿಸಿದ್ದಾಳೆ, ಇಷ್ಟು ಅವರಿಗೆ ಕಂಡಿತು. ತಾವೇನೋ ಹೆಚ್ಚು ಅಂದೆವೇನೋ ಎಂದು ಅವರು ನನ್ನ ಮುಖ ನೋಡಿದರು.

ಕಾಕೂ ಮೂಗಿನ ಮೇಲಿನ ಸೆರಗು ತೆಗೆದಳು. ಉಳಿದವರೆಲ್ಲ ಹಿಂದೆ ಸರಿದು ನಿಂತಿದ್ದ ಆ ಡ್ರಮ್ಮಿನ ಹತ್ತಿರ ಒಬ್ಬಳೇ ಹೋಗಿ, ಎರಡೂ ಕೈಯಲ್ಲಿ ಅದರ ಅಂಚು ಹಿಡಿದು, ತಲೆ ಬಗ್ಗಿಸಿ, ಎದೆ ತುಂಬ ಉಸಿರು ಎಳೆದುಕೊಂಡಳು. ಮತ್ತೊಮ್ಮೆ ಎಳೆದುಕೊಂಡಳು.